ಇಂಗ್ಲಿಷ್ ಮಾಸ್ತರರಿಗೆ ಇಂಗ್ಲಿಷ್ ಕಲಿಸುವವರು ಯಾರು?

ಜೂನ್ ಬಂತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸುತ್ತಿನ ಊರುಗಳಲ್ಲಿ ಪಾಲಕರ ಮಾತು ಒಂದೇ ಕಡೆಗೆ ಹೊರಳುತ್ತದೆ. ಮಗುವನ್ನು ಯಾವ ಸಾಲಿಗೆ ಹಾಕಬೇಕು, ಅಲ್ಲಿ ಇಂಗ್ಲಿಷ್ ಹೇಗೆ ಕಲಿಸುತ್ತಾರೆ? ಇಳಕಲ್ಲಿನ ನೇಕಾರರ ಮನೆಯಲ್ಲೂ, ಗ್ರಾನೈಟ್ ಕ್ವಾರಿಗೆ ದುಡಿಯಲು ಹೋಗುವವರ ಮನೆಯಲ್ಲೂ, ಹುನಗುಂದದ ಕರಿಮಣ್ಣಿನಲ್ಲಿ ಜೋಳ, ಕಡಲೆ ಬಿತ್ತುವವರ ಮನೆಯಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ. ಸರಕಾರಿ ಕನ್ನಡ ಶಾಲೆಯ ಹೆಸರು ಬಂದ ಕೂಡಲೇ ಒಂದು ತೀರ್ಪು ಸಿದ್ಧವಾಗಿರುತ್ತದೆ: ‘ಮಾಸ್ತರಿಗೇ ಇಂಗ್ಲಿಷ್ ಬರೂದಿಲ್ಲ, ಹುಡುಗರಿಗೆ ಏನ್ ಕಲಸ್ತಾರ?’ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ಪುಸ್ತಕದಿಂದಲೇ ಕಲಿತು, ಈಗ ಅದನ್ನೇ ಕಲಿಸುತ್ತಿರುವ ಸಾವಿರಾರು ಶಿಕ್ಷಕ ಶಿಕ್ಷಕಿಯರ ಬೆನ್ನಿಗೆ ಈ ಮಾತು ಅಂಟಿಕೊಂಡಿದೆ. ಅದನ್ನು ಹಾಗೇ ಒಪ್ಪಿಕೊಂಡರೆ ನಮ್ಮ ಮಕ್ಕಳ ಇಂಗ್ಲಿಷ್ ಸುಧಾರಿಸುವ ದಾರಿಯೇ ಮುಚ್ಚಿಹೋಗುತ್ತದೆ. ಇಂಗ್ಲಿಷನ್ನು ಪರಭಾಷೆಯಾಗಿ, ತಡವಾಗಿ, ಕಷ್ಟಪಟ್ಟು ಕಲಿತವರು ಎಂಬುದು ಈ ಶಿಕ್ಷಕರ ಕೊರತೆಯಲ್ಲ, ಅವರ ಬಂಡವಾಳ. ಆ ಕಲಿಕೆ ನೌಕರಿಯ ಆದೇಶ ಕೈಗೆ ಬಂದ ದಿನವೇ ನಿಂತುಹೋಗುತ್ತದೆ, ಮುಂದುವರಿಸಲು ನಾವು ಏರ್ಪಾಡು ಮಾಡಿಲ್ಲ. ಕೊರತೆ ಇರುವುದು ಅಲ್ಲಿ.

ಎರಡು ಸಾಲಿ, ಎರಡು ಬಗೆಯ ಮಾಸ್ತರರು

ಇಂದಿನ ಸ್ಥಿತಿಯ ಬೇರು ಮುಂಬಯಿ ಆಡಳಿತದ ಕಾಲದಲ್ಲಿದೆ. ಈ ಸೀಮೆ ಆಗ ಕಲಾದಗಿ ಜಿಲ್ಲೆ, 1885ರಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಹೋದ ಮೇಲೆ ಬಿಜಾಪುರ ಜಿಲ್ಲೆ. ಊರಲ್ಲಿ ಕನ್ನಡ ಸಾಲಿ, ದೊಡ್ಡ ಊರಲ್ಲಿ ಇಂಗ್ಲಿಷ್ ಸಾಲಿ. ಕನ್ನಡ ಸಾಲಿಯ ಕೊನೆಯ ಮೆಟ್ಟಿಲು ಮುಲ್ಕಿ ಪರೀಕ್ಷೆ. ಅದನ್ನು ಪಾಸಾದವರಿಗೆ ಹಳ್ಳಿಯ ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಸಿಗುತ್ತಿತ್ತು. ಇಂಗ್ಲಿಷ್ ಸಾಲಿಯ ದಾರಿ ಹಿಡಿದವರು ಮೆಟ್ರಿಕ್ ಮುಗಿಸಿ ಕಚೇರಿಗೋ ಕೋರ್ಟಿಗೋ ಹೈಸ್ಕೂಲಿಗೋ ಹೋಗುತ್ತಿದ್ದರು. ಹೀಗೆ ಕನ್ನಡ ಕಲಿಸುವ ಮಾಸ್ತರರಿಗೂ ಇಂಗ್ಲಿಷ್ ಕಲಿಸುವ ಮಾಸ್ತರರಿಗೂ ಸಂಬಂಧವೇ ಇರಲಿಲ್ಲ. ಸಂಬಳ ಬೇರೆ, ಮಾನ ಬೇರೆ, ಓದು ಬೇರೆ. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆ ಬಂದ ಮೇಲೆ ಇಂಗ್ಲಿಷ್ ಓದಿನ ಬಾಗಿಲು ಈ ಭಾಗದ ಮಕ್ಕಳಿಗೆ ಅಗಲವಾಯಿತು. ಆದರೆ ಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರರು ಆ ಬಾಗಿಲಿನ ಆಚೆಯೇ ಉಳಿದರು. ಅವರಿಂದ ಯಾರೂ ಇಂಗ್ಲಿಷ್ ನಿರೀಕ್ಷಿಸಲಿಲ್ಲ. ಅವರಿಗೆ ಯಾರೂ ಇಂಗ್ಲಿಷ್ ಕೊಡಲೂ ಇಲ್ಲ.

ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರ ಐದರಿಂದ ಏಳನೆಯವರೆಗಿನ ತರಗತಿಗಳಿಂದ ಇಂಗ್ಲಿಷನ್ನು ತೆಗೆದು, ಎಂಟನೆಯಿಂದ ಶುರು ಮಾಡುವ ನೀತಿ ತಂದಿತು. ಮಾತೃಭಾಷೆಯ ಬುನಾದಿ ಗಟ್ಟಿಯಾಗಲಿ ಎಂಬ ಉದ್ದೇಶ ಅದರ ಹಿಂದಿತ್ತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಬಹುಕಾಲ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಐದನೆಯ ತರಗತಿಗೆ ಬರುತ್ತಿತ್ತು. 2007-08ರಲ್ಲಿ ರಾಜ್ಯ ಸರಕಾರ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ತಂದಿತು. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಬೇಡಿಕೆ ನ್ಯಾಯವಾದದ್ದೇ. ಪೇಟೆಯ ಮಗುವಿಗೆ ಸಿಗುವುದು ಹಳ್ಳಿಯ ಮಗುವಿಗೂ ಸಿಗಬೇಕೆಂಬುದನ್ನು ತಪ್ಪು ಎನ್ನುವವರು ಯಾರು? ಆದರೆ ನೂರು ವರ್ಷ ಬೇರೆ ಬೇರೆಯಾಗಿದ್ದ ಎರಡು ಹೊರೆಗಳು ಒಂದನೇ ತರಗತಿಗೆ ಇಂಗ್ಲಿಷ್ ಬಂದಾಗ ಒಂದೇ ಹೆಗಲಿಗೆ ಬಂದವು. ಅಕ್ಷರ ತಿದ್ದಿಸುವ, ಮಗ್ಗಿ ಹೇಳಿಸುವ, ಬಿಸಿಯೂಟದ ಲೆಕ್ಕ ಬರೆಯುವ ಅದೇ ಅಕ್ಕೋರು, ಅದೇ ಸರ್ ಇನ್ನು ಮುಂದೆ ಇಂಗ್ಲಿಷ್ ಶಿಕ್ಷಕರೂ ಹೌದು ಎಂದಾಯಿತು. ಮಕ್ಕಳಿಗೆ ಪುಸ್ತಕ ಬಂತು, ಶಿಕ್ಷಕರಿಗೆ ಕೆಲವು ದಿನಗಳ ತರಬೇತಿ ಬಂತು. ಇಂಗ್ಲಿಷಿನಲ್ಲಿ ಬೆಳೆಯಲು ಅವರಿಗೆ ಬೇಕಾದ ಕಾಲ ಮಾತ್ರ ಬರಲಿಲ್ಲ.

ಕಲಿತಂತೆ ಕಲಿಸುವುದು

ಇಂದು ತರಗತಿಯಲ್ಲಿ ನಿಂತಿರುವ ಶಿಕ್ಷಕರು ತಾವು ಇಂಗ್ಲಿಷ್ ಕಲಿತ ಬಗೆ ಯಾವುದು? ಪಾಠವನ್ನು ಗುರುಗಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಅರ್ಥ ಹೇಳುವುದು, ಕಠಿಣ ಪದಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುವುದು, ಪ್ರಶ್ನೋತ್ತರ ಬರೆಸುವುದು, ವ್ಯಾಕರಣದ ಸೂತ್ರ ಬಾಯಿಪಾಠ ಮಾಡಿಸುವುದು, ಪರೀಕ್ಷೆ ಹತ್ತಿರ ಬಂದಾಗ ಗೈಡು, ಪತ್ರಲೇಖನ, ಪ್ರಬಂಧಗಳ ಕಂಠಪಾಠ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಬರೆಯುವ ಪರೀಕ್ಷೆಗೆ. ಮಾತಾಡಿದ್ದಕ್ಕೆ, ಕೇಳಿ ತಿಳಿದದ್ದಕ್ಕೆ, ಪಠ್ಯದಲ್ಲಿಲ್ಲದ ಪುಸ್ತಕ ಓದಿದ್ದಕ್ಕೆ ದೊಡ್ಡ ಬೆಲೆ ಅಲ್ಲಿಲ್ಲ. ಪಿಯುಸಿ, ಡಿ.ಇಡಿ, ಬಿ.ಎ, ಬಿ.ಇಡಿ ಎಲ್ಲ ಮುಗಿಸಿದರೂ ಎದುರಿಗಿರುವವರ ಜೊತೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡುವ ಪ್ರಸಂಗವೇ ಬಾರದೆ ಶಿಕ್ಷಕರಾದವರು ನಮ್ಮಲ್ಲಿ ಹೆಚ್ಚು. ಹೀಗೆ ಕಲಿತವರು ಹಾಗೆಯೇ ಕಲಿಸುತ್ತಾರೆ. ಇದರಲ್ಲಿ ಸೋಮಾರಿತನವನ್ನು ಹುಡುಕುವುದು ಅನ್ಯಾಯ. ಗೊತ್ತಿರುವ ದಾರಿಯಲ್ಲಿ ಮಕ್ಕಳನ್ನು ಪರೀಕ್ಷೆ ದಾಟಿಸುವುದು ಪ್ರಾಮಾಣಿಕ ಶಿಕ್ಷಕರು ಮಾಡುವ ಕೆಲಸವೇ. ನಮ್ಮ ಹೈಸ್ಕೂಲುಗಳಲ್ಲಿ ಬಳಕೆಯಲ್ಲಿರುವ, ಪಾಸಾಗಲು ಬೇಕಾದಷ್ಟೇ ಆಯ್ದ ಪ್ರಶ್ನೋತ್ತರಗಳ ‘ಪಾಸಿಂಗ್ ಪ್ಯಾಕೇಜ್’ ಹುಟ್ಟಿದ್ದು ಹಾಗೆ.

ಫಲ ಮಾತ್ರ ಕಣ್ಣೆದುರಿಗಿದೆ. ದೇಶದ ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ‘ಅಸರ್’ ಸಮೀಕ್ಷೆ ಸರಳ ಇಂಗ್ಲಿಷ್ ವಾಕ್ಯಗಳನ್ನೂ ಮಕ್ಕಳ ಕೈಯಲ್ಲಿ ಓದಿಸಿ ನೋಡಿದೆ. 2016ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಅಂಥ ವಾಕ್ಯ ಓದಬಲ್ಲವರು ಶೇ 24.7, 2022ರಲ್ಲಿ ಶೇ 24.5. ಎಂಟನೆಯವರಲ್ಲಿ ಅರ್ಧಕ್ಕಿಂತ ಕಡಿಮೆ. ಇಂಗ್ಲಿಷಿನ ಹಂಬಲ ಎಷ್ಟೋ ಪಟ್ಟು ಏರಿದ ಆ ಆರು ವರ್ಷಗಳಲ್ಲಿ ಓದುವ ಶಕ್ತಿ ಇದ್ದಲ್ಲೇ ನಿಂತಿತ್ತು. ಪುಸ್ತಕ ಬದಲಾಯಿಸಿದರೆ, ಇನ್ನೂ ಕೆಳಗಿನ ತರಗತಿಯಿಂದ ಶುರು ಮಾಡಿದರೆ, ಮಾಧ್ಯಮದ ಹೆಸರು ಬದಲಾಯಿಸಿದರೆ ಸಾಲದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಪರಭಾಷೆಯವರು ಕಲಿಸಬಾರದೆ?

ಹಾಗಾದರೆ ಇಂಗ್ಲಿಷ್ ಮಾತೃಭಾಷೆಯಂತೆ ಬರುವವರನ್ನೇ ಹುಡುಕಿ ತರಬೇಕೆ? ಈ ನಂಬಿಕೆಗೆ ಒಂದು ಇತಿಹಾಸವಿದೆ. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧಕರ ಸಮ್ಮೇಳನ ನಡೆಯಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಅದನ್ನು ಮಾತೃಭಾಷೆಯಾಗಿ ಆಡುವವರೇ ಒಳ್ಳೆಯ ಶಿಕ್ಷಕರು, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಎಷ್ಟು ಹೆಚ್ಚು ಕೇಳಿಸಿದರೆ ಅಷ್ಟು ಒಳ್ಳೆಯದು, ಬೇರೆ ಭಾಷೆ ಬೆರೆತರೆ ಇಂಗ್ಲಿಷ್ ಕೆಡುತ್ತದೆ ಎಂಬ ಐದು ನಂಬಿಕೆಗಳು ಅಲ್ಲಿಂದ ಗಟ್ಟಿಯಾದವು. ಮೂವತ್ತು ವರ್ಷಗಳ ನಂತರ, 1992ರಲ್ಲಿ, ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್ಸನ್ ಈ ಐದನ್ನೂ ಒಂದೊಂದಾಗಿ ಪರೀಕ್ಷಿಸಿ, ಇವು ಆಧಾರವಿಲ್ಲದ ಮಿಥ್ಯೆಗಳೆಂದು ವಾದಿಸಿದರು. ಹಂಗೇರಿಯ ಪೀಟರ್ ಮೆಡ್ಜೆಶ್, ತಾವೇ ಪರಭಾಷಿಕ ಇಂಗ್ಲಿಷ್ ಶಿಕ್ಷಕರು, 1994ರ ತಮ್ಮ ಪುಸ್ತಕದಲ್ಲಿ ಇಂಥ ಶಿಕ್ಷಕರ ಬಲಗಳನ್ನು ಪಟ್ಟಿ ಮಾಡಿದರು. ಕಲಿಯುವವರು ಎಲ್ಲಿ ಎಡವುತ್ತಾರೆಂದು ಮೊದಲೇ ತಿಳಿದಿರುತ್ತಾರೆ; ಕಲಿಯುವ ಉಪಾಯಗಳನ್ನು ಹೇಳಿಕೊಡಬಲ್ಲರು; ಕಲಿತು ಗೆದ್ದವರ ಮಾದರಿಯಾಗಿ ಮಕ್ಕಳ ಮುಂದೆ ನಿಲ್ಲುತ್ತಾರೆ. ಹುನಗುಂದದ ಮಕ್ಕಳಿಗೆ ಲಂಡನ್ನಿನವರು ಮಾದರಿಯಾಗುವುದು ಕಷ್ಟ. ತಮ್ಮಂತೆಯೇ ಕನ್ನಡ ಸಾಲಿಯಲ್ಲಿ ಓದಿದ ಅಕ್ಕೋರು ಆಗಬಲ್ಲರು.

ಇದು ತರಗತಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ‘ಐ ಹ್ಯಾವ್ ಎ ಪೆನ್’, ‘ಐ ಹ್ಯಾವ್ ಟೂ ಬ್ರದರ್ಸ್’, ‘ಐ ಹ್ಯಾವ್ ಫೀವರ್’. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಅಚ್ಚು. ನಮ್ಮ ಮಕ್ಕಳ ಬಾಯಲ್ಲಿ ಇವು ಮೂರು ಬೇರೆ ಬೇರೆ ಮಾತು: ‘ನನ್ನ ಕಡೆ ಪೆನ್ ಐತಿ’, ‘ನನಗ ಇಬ್ಬರು ತಮ್ಮಂದಿರು ಅದಾರ’, ‘ನನಗ ಜ್ವರ ಬಂದಾವ’. ಆದ್ದರಿಂದಲೇ ಜ್ವರದ ವಾಕ್ಯ ಹೇಳುವಾಗ ಹುಡುಗ ‘ಟು ಮೀ ಫೀವರ್ ಕಮ್’ ಎನ್ನುತ್ತಾನೆ. ಕನ್ನಡ ಅರಿಯದವರಿಗೆ ಇದು ಅರ್ಥವಾಗದ ತಪ್ಪು. ಹೇಳಿದ್ದನ್ನೇ ಹತ್ತು ಸಲ ಹೇಳಿಸಿ ತಿದ್ದುತ್ತಾರೆ. ತಾನೂ ಒಂದು ಕಾಲಕ್ಕೆ ಹೀಗೇ ಎಡವಿದ ಶಿಕ್ಷಕಿಗೆ ಆ ವಾಕ್ಯದ ಕೆಳಗಿರುವ ಕನ್ನಡ ಕೇಳಿಸುತ್ತದೆ. ಮೂರು ಕನ್ನಡ ವಾಕ್ಯಗಳನ್ನು ಹಲಗೆಯ ಒಂದು ಬದಿಗೆ, ಮೂರು ಇಂಗ್ಲಿಷ್ ವಾಕ್ಯಗಳನ್ನು ಇನ್ನೊಂದು ಬದಿಗೆ ಬರೆದು ‘ನೋಡ್ರಿ, ಅವರದು ಇಲ್ಲಿ ಒಂದs, ನಮ್ಮದು ಮೂರು’ ಎಂದು ತೋರಿಸಿದರೆ ಹತ್ತು ನಿಮಿಷದ ಕೆಲಸ. ಪ್ರಶ್ನೆ ಕೇಳುವ ರೀತಿಯೂ ಹಾಗೆಯೇ. ‘ನೀ ಎಲ್ಲಿ ಹೊಂಟಿ?’ ಎನ್ನುವಾಗ ಕನ್ನಡದಲ್ಲಿ ಪದಗಳ ಜಾಗ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದದ ತುಂಡು ಮುಂದಕ್ಕೆ ಜಿಗಿಯಬೇಕು. ‘ವೇರ್ ಯು ಆರ್ ಗೋಯಿಂಗ್’ ಎಂಬ ತಪ್ಪಿನ ಕಾರಣ ಅಲ್ಲಿದೆ. ಕನ್ನಡದಲ್ಲಿ ಬರೆದಂತೆ ಓದಬಹುದಾದ್ದರಿಂದ ಇಂಗ್ಲಿಷ್ ಕಾಗುಣಿತದ ಮೂಕ ಅಕ್ಷರಗಳು ಮಗುವಿಗೆ ಮೋಸದಂತೆ ಕಾಣುತ್ತವೆ ಎಂಬುದೂ ಆ ಮೋಸವನ್ನು ಉಂಡವರಿಗೇ ಗೊತ್ತು. ಈ ತಿಳಿವಳಿಕೆ ಯಾವ ವಿದೇಶಿ ಪುಸ್ತಕದಲ್ಲೂ ಸಿಗುವುದಿಲ್ಲ.

ನಮ್ಮ ನೆಲದ ಇತಿಹಾಸವೂ ಇದನ್ನೇ ಹೇಳುತ್ತದೆ. 1837ರಲ್ಲಿ ಧಾರವಾಡಕ್ಕೆ ಬಂದು, ಮುಂದೆ ಬಾದಾಮಿಯ ಪಕ್ಕದ ಗುಳೇದಗುಡ್ಡದಲ್ಲೂ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಬಹುಪಾಲು ಜರ್ಮನ್ ಮಾತಾಡುವವರು. ಇಂಗ್ಲಿಷ್ ಅವರಿಗೂ ಕಲಿತ ಭಾಷೆಯೇ. ಅವರಲ್ಲೊಬ್ಬರಾದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಕೊಟ್ಟ ಕನ್ನಡ-ಇಂಗ್ಲಿಷ್ ನಿಘಂಟನ್ನು ಇಂದಿಗೂ ವಿದ್ವಾಂಸರು ತೆರೆಯುತ್ತಾರೆ. ಆ ಎರಡು ಭಾಷೆಗಳಲ್ಲಿ ಒಂದೂ ಅವರ ತಾಯಿನುಡಿಯಲ್ಲ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ಇಡೀ ದೇಶದ ಇಂಗ್ಲಿಷ್ ಶಿಕ್ಷಕರ ತರಬೇತಿಯನ್ನು ನಡೆಸಿದರು. ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಆ ವರದಿಗಾಗಿ ನಡೆದ ಚಳವಳಿಯ ಮುಂಚೂಣಿಯಲ್ಲಿದ್ದ ಚಂದ್ರಶೇಖರ ಪಾಟೀಲರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಇಂಗ್ಲಿಷ್ ಚೆನ್ನಾಗಿ ಕಲಿಸಲು ಕನ್ನಡ ಬಿಡಬೇಕಾಗಿಲ್ಲ, ಕನ್ನಡ ಪ್ರೀತಿಸಲು ಇಂಗ್ಲಿಷ್ ದ್ವೇಷಿಸಬೇಕಾಗಿಲ್ಲ ಎಂಬುದನ್ನು ಇವರ ಬದುಕೇ ತೋರಿಸಿದೆ.

ಚೀನಾದ ಶಿಕ್ಷಕರ ಪಾಠ

ಇದೇ ಸವಾಲನ್ನು ನಮಗಿಂತ ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶ ಚೀನಾ. 1950ರ ದಶಕದಲ್ಲಿ ಅಲ್ಲಿನ ಶಾಲೆಗಳಲ್ಲಿ ರಷ್ಯನ್ ಭಾಷೆಗೆ ಮೊದಲ ಮಣೆ. ಸೋವಿಯತ್ ಒಕ್ಕೂಟದ ಜೊತೆ ಸಂಬಂಧ ಹಳಸಿದ ಮೇಲೆ ಇಂಗ್ಲಿಷ್ ಬೇಕಾಯಿತು. ರಷ್ಯನ್ ಕಲಿಸುತ್ತಿದ್ದ ಅನೇಕರು ತಾವೇ ಇಂಗ್ಲಿಷ್ ಕಲಿಯುತ್ತ ಇಂಗ್ಲಿಷ್ ಶಿಕ್ಷಕರಾದರು. ಅಷ್ಟರಲ್ಲಿ 1966ರಿಂದ ಹತ್ತು ವರ್ಷ ಸಾಂಸ್ಕೃತಿಕ ಕ್ರಾಂತಿಯ ಬಿರುಗಾಳಿ. ವಿದೇಶಿ ಭಾಷೆ ಕಲಿಸುವುದೇ ಅನುಮಾನಕ್ಕೆ ಗುರಿಯಾದ ಕಾಲ. 1977ರಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ಆರಂಭವಾದಾಗ ಇಂಗ್ಲಿಷ್ ಬಲ್ಲ ಶಿಕ್ಷಕರ ಬರ. 1982ರಲ್ಲಿ ಬಿಬಿಸಿಯ ‘ಫಾಲೋ ಮೀ’ ಪಾಠಗಳು ಅಲ್ಲಿನ ಟಿ.ವಿ.ಯಲ್ಲಿ ಬಂದಾಗ ಲಕ್ಷಾಂತರ ಮಂದಿ ನೋಡಿ ಕಲಿತರು. 2001ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಮೂರನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ತೀರ್ಮಾನಿಸಿತು. ನಾವು ಒಂದನೇ ತರಗತಿಗೆ ತಂದದ್ದು ಅದಾದ ಆರು ವರ್ಷಕ್ಕೆ. ಚೀನಾದ ಶಿಕ್ಷಕರ ಕಲಿಕೆಯ ದಾರಿಯೂ ನಮ್ಮವರದಕ್ಕಿಂತ ಬಹಳ ಬೇರೆಯಲ್ಲ: ಮುಂಜಾನೆ ಗಟ್ಟಿಯಾಗಿ ಓದುವುದು, ಪಾಠಗಳನ್ನೇ ಕಂಠಪಾಠ ಮಾಡುವುದು, ವ್ಯಾಕರಣ, ಅನುವಾದ, ಪರೀಕ್ಷೆ. ಇಂಗ್ಲಿಷ್ ಮಾತೃಭಾಷೆಯವರನ್ನು ಒಮ್ಮೆಯೂ ಭೇಟಿಯಾಗದೆ ಕಲಿಸಿದವರು ಅಲ್ಲಿ ಲೆಕ್ಕವಿಲ್ಲದಷ್ಟು.

ವ್ಯತ್ಯಾಸ ಇರುವುದು ಶಿಕ್ಷಕರಾದ ಮೇಲಿನ ಏರ್ಪಾಡಿನಲ್ಲಿ. ಚೀನಾದ ಶಾಲೆಗಳಲ್ಲಿ 1950ರ ದಶಕದಿಂದ ವಿಷಯವಾರು ‘ಬೋಧನಾ ಸಂಶೋಧನಾ ಗುಂಪು’ಗಳಿವೆ. ಒಂದು ಶಾಲೆಯ ಇಂಗ್ಲಿಷ್ ಶಿಕ್ಷಕರೆಲ್ಲ ನಿಗದಿತ ಹೊತ್ತಿಗೆ ಕೂಡಿ ಮುಂದಿನ ಪಾಠವನ್ನು ಒಟ್ಟಿಗೆ ಸಿದ್ಧಪಡಿಸುತ್ತಾರೆ. ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂತು ನೋಡುತ್ತಾರೆ. ಅನುಭವಿಗಳು ಹೊಸಬರನ್ನು ತಿದ್ದುತ್ತಾರೆ. ಶಿಕ್ಷಕರು ಸಾಮಾನ್ಯವಾಗಿ ಒಂದೇ ವಿಷಯ ಕಲಿಸುವುದರಿಂದ ಅದರಲ್ಲೇ ಬೆಳೆಯಲು ಬಿಡುವು ಸಿಗುತ್ತದೆ. ಪೇಟೆಗೂ ಹಳ್ಳಿಗೂ ಅಲ್ಲಿಯೂ ಅಂತರವಿದೆ, ಪರೀಕ್ಷೆಯ ಒತ್ತಡ ಅಲ್ಲಿ ನಮಗಿಂತ ಹೆಚ್ಚೇ ಇದೆ. ಚೀನಾದ ಏರ್ಪಾಡನ್ನು ಹಾಗೇ ನಕಲು ಮಾಡಬೇಕಿಲ್ಲ. ಆದರೆ ಬಾದಾಮಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಇಬ್ಬರೇ ಶಿಕ್ಷಕರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಐದು ತರಗತಿ, ಎಲ್ಲ ವಿಷಯ, ದಾಖಲೆ, ಗಣತಿ, ಚುನಾವಣೆ. ಇಂಗ್ಲಿಷಿನ ಒಂದು ಉಚ್ಚಾರದ ಬಗ್ಗೆ ಅನುಮಾನ ಬಂದರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಒಂಟಿಯಾಗಿ ಕಲಿಸುವವರ ಭಾಷೆ ದಿನದಿನಕ್ಕೆ ಪಠ್ಯಪುಸ್ತಕದ ಅಳತೆಗೆ ಕುಗ್ಗುತ್ತ ಹೋಗುತ್ತದೆ. ಇದು ಯಾರೊಬ್ಬರ ತಪ್ಪಲ್ಲ, ಬಳಸದ ಭಾಷೆಯ ಸ್ವಭಾವ.

ನಮ್ಮಲ್ಲಿ ಏನೇನಿದೆ

ನಮ್ಮಲ್ಲಿ ಸಂಸ್ಥೆಗಳಿಲ್ಲ ಎಂದಲ್ಲ. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಹುನಗುಂದದ ಪ್ರತಿನಿಧಿ ಎಸ್.ಆರ್. ಕಂಠಿಯವರು ಆಗ ರಾಜ್ಯದ ಶಿಕ್ಷಣ ಸಚಿವರು. ಆ ಸಂಸ್ಥೆ ಇಂದಿಗೂ ಸರಕಾರಿ ಶಾಲೆಯ ಶಿಕ್ಷಕರಿಗೆ ಮೂವತ್ತು ದಿನಗಳ ಇಂಗ್ಲಿಷ್ ಬೋಧನಾ ಪ್ರಮಾಣಪತ್ರ ಕೋರ್ಸ್ ನಡೆಸುತ್ತದೆ. ನಮ್ಮ ಜಿಲ್ಲೆಯ ಶಿಕ್ಷಕರ ತರಬೇತಿ ಕೇಂದ್ರ, ಡಯಟ್, ಇಳಕಲ್ಲಿನಲ್ಲೇ ಇದೆ. ಪ್ರತಿ ತಾಲ್ಲೂಕಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಹತ್ತಾರು ಶಾಲೆಗಳಿಗೊಂದು ಸಮೂಹ ಸಂಪನ್ಮೂಲ ಕೇಂದ್ರ, ಅಲ್ಲೊಬ್ಬ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಸಮಾಲೋಚನಾ ಸಭೆಗಳು. ಮೇಲ್ನೋಟಕ್ಕೆ ಚೀನಾದ ಗುಂಪುಗಳಿಗೆ ಸರಿಸಾಟಿಯಾದ ಜಾಲವೇ ನಮ್ಮಲ್ಲಿದೆ. ಆದರೆ ತರಬೇತಿಗಳಲ್ಲಿ ಶಿಕ್ಷಕರಿಗೆ ಹೆಚ್ಚಾಗಿ ಸಿಗುವುದು ವಿಧಾನ: ಚಟುವಟಿಕೆ, ಹಾಡು, ಕಾರ್ಡು, ಹೊಸ ಮೌಲ್ಯಮಾಪನದ ನಮೂನೆ. ಸಮಾಲೋಚನಾ ಸಭೆಯ ಹೊತ್ತನ್ನು ಸುತ್ತೋಲೆ, ಅಂಕಿಅಂಶಗಳು ನುಂಗುತ್ತವೆ. ಇಂಗ್ಲಿಷ್ ಎಂಬ ಭಾಷೆಯಲ್ಲಿ ಶಿಕ್ಷಕರು ಬೆಳೆಯಲು, ಅಂದರೆ ಓದಲು, ಕೇಳಲು, ಒಬ್ಬರೊಡನೊಬ್ಬರು ಸಂಕೋಚವಿಲ್ಲದೆ ಮಾತಾಡಲು, ಅಲ್ಲಿ ಜಾಗವಿಲ್ಲ. ಮೂವತ್ತು ದಿನಗಳ ಕೋರ್ಸಿನಲ್ಲಿ ಹೊತ್ತಿಕೊಂಡ ಉತ್ಸಾಹ ಊರಿಗೆ ಮರಳಿದ ಮೇಲೆ ಎಣ್ಣೆಯಿಲ್ಲದೆ ಆರುತ್ತದೆ.

ವಿಧಾನವೊಂದೇ ಸಾಲದು ಎಂಬುದನ್ನು ಜಗತ್ತಿಗೆ ಹೇಳಿದವರೂ ಕರ್ನಾಟಕದಲ್ಲೇ ಕೆಲಸ ಮಾಡಿದವರು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನಲ್ಲಿ ಆರಂಭಿಸಿ ಮದ್ರಾಸಿಗೂ ವಿಸ್ತರಿಸಿದ ಪ್ರಯೋಗ ಇಂದು ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲೆಲ್ಲ ‘ಬೆಂಗಳೂರು ಯೋಜನೆ’ ಎಂದೇ ದಾಖಲಾಗಿದೆ. ವ್ಯಾಕರಣದ ಪಾಠದ ಬದಲು ಮಕ್ಕಳಿಗೆ ನಕಾಶೆ, ರೈಲಿನ ವೇಳಾಪಟ್ಟಿ, ಲೆಕ್ಕ ಕೊಟ್ಟು, ಅದನ್ನು ಬಿಡಿಸುವ ನೆಪದಲ್ಲಿ ಇಂಗ್ಲಿಷ್ ಬಳಸುವಂತೆ ಮಾಡಿದರು. ಅರ್ಥದ ಹಿಂದೆ ಹೋದರೆ ಭಾಷೆ ತಾನಾಗಿ ಹಿಂಬಾಲಿಸುತ್ತದೆ ಎಂಬುದು ಅವರ ನಂಬಿಕೆ. ಬಾಗಲಕೋಟೆ, ಬಾದಾಮಿಗಳ ಮೇಲೆ ಹಾದುಹೋಗುವ ಗದಗ-ಸೊಲ್ಲಾಪುರ ಮಾರ್ಗದ ವೇಳಾಪಟ್ಟಿಯೊಂದನ್ನು ಹಲಗೆಯ ಮೇಲೆ ಬರೆದು, ಯಾವ ಗಾಡಿಗೆ ಹೋದರೆ ಬಾದಾಮಿಯ ಗುಹೆ ನೋಡಿ ಸಂಜೆಯೊಳಗೆ ಮರಳಬಹುದು ಎಂದು ಕೇಳಿದರೆ ಅದೇ ಪಾಠ ಇಲ್ಲಿಯೂ ನಡೆದೀತು. ಆದರೆ ಅದೇ ಪ್ರಭು 1990ರಲ್ಲಿ ಬರೆದ ಲೇಖನದಲ್ಲಿ, ಎಲ್ಲರಿಗೂ ಎಲ್ಲೆಡೆಗೂ ಸಲ್ಲುವ ಶ್ರೇಷ್ಠ ವಿಧಾನ ಎಂಬುದಿಲ್ಲ, ತಾನು ಮಾಡುತ್ತಿರುವುದರಿಂದ ಕಲಿಕೆ ಹೇಗೆ ಆಗುತ್ತದೆ ಎಂಬ ಶಿಕ್ಷಕರ ಸ್ವಂತ ತಿಳಿವು ಎಷ್ಟು ಜೀವಂತವಾಗಿದೆ ಎಂಬುದೇ ಮುಖ್ಯ ಎಂದು ವಾದಿಸಿದರು. ಆ ವೇಳಾಪಟ್ಟಿಯ ಪಾಠದಲ್ಲಿ ಮಗು ನಿರೀಕ್ಷಿಸದ ಪ್ರಶ್ನೆ ಕೇಳಿದಾಗ ಹಿಂಜರಿಯದೆ ಉತ್ತರಿಸಲು ಶಿಕ್ಷಕರಿಗೆ ಭಾಷೆಯ ಧೈರ್ಯ ಬೇಕು. ಆ ಧೈರ್ಯ ಬಳಕೆಯಿಂದ ಬರುತ್ತದೆ, ಕೈಪಿಡಿಯಿಂದಲ್ಲ.

ಎದುರು ಮಾತುಗಳು

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ, ಅವಕ್ಕೆ ಉತ್ತರ ಕೊಡಲೇಬೇಕು. ಮೊದಲನೆಯದು: ಶಿಕ್ಷಕರ ಇಂಗ್ಲಿಷಿನಲ್ಲೇ ತಪ್ಪಿದ್ದರೆ ಮಕ್ಕಳಿಗೂ ಅದೇ ತಪ್ಪು ಅಂಟುವುದಿಲ್ಲವೆ? ಅಂಟುತ್ತದೆ, ನಿಜ. ಪಾಠ ಓದಲು ತಡವರಿಸುವವರನ್ನು ಹೊಗಳಿ ಕೂರಿಸುವುದು ಮಕ್ಕಳಿಗೆ ಮಾಡುವ ದ್ರೋಹ. ಆದರೆ ಕನ್ನಡದ ಎಳೆ ಇರುವ ಉಚ್ಚಾರ ಬೇರೆ, ಭಾಷೆಯ ಬಡತನ ಬೇರೆ. ಮೊದಲನೆಯದು ದೋಷವೇ ಅಲ್ಲ. ಜಗತ್ತಿನಲ್ಲಿ ಇಂಗ್ಲಿಷ್ ಬಳಸುವವರಲ್ಲಿ ಅದನ್ನು ಕಲಿತವರೇ ಹೆಚ್ಚು, ಅವರೆಲ್ಲರ ಮಾತಿನಲ್ಲೂ ತಾಯಿನುಡಿಯ ಎಳೆ ಇರುತ್ತದೆ. ಎರಡನೆಯದಕ್ಕೆ ಮದ್ದು ಇನ್ನಷ್ಟು ಕಲಿಕೆ. ಛೀಮಾರಿಯಿಂದ ಶಿಕ್ಷಕರು ಮೌನವಾಗುತ್ತಾರೆ, ಮೌನವಾದ ಶಿಕ್ಷಕರಿಂದ ಮಕ್ಕಳಿಗೆ ಮೌನವೇ ಬಳುವಳಿ. ಎರಡನೆಯ ಆಕ್ಷೇಪ: ಎಲ್ಲ ಶಾಲೆಗಳನ್ನೂ ಇಂಗ್ಲಿಷ್ ಮಾಧ್ಯಮ ಮಾಡಿದರೆ ಸಮಸ್ಯೆ ಮುಗಿಯಿತಲ್ಲ? 2014ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪ್ರಕರಣದಲ್ಲಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದಿತು. ಆ ತೀರ್ಪು ಪಾಲಕರ ಆಯ್ಕೆಯ ಹಕ್ಕಿನ ಬಗ್ಗೆ. ಯಾವ ಮಾಧ್ಯಮದಲ್ಲಿ ಮಗು ಚೆನ್ನಾಗಿ ಕಲಿಯುತ್ತದೆ ಎಂಬುದರ ಬಗ್ಗೆ ಅಲ್ಲ. ಒಂದು ಪಿರಿಯಡ್ ಇಂಗ್ಲಿಷ್ ಕಲಿಸಲು ಕಷ್ಟಪಡುವ ಶಿಕ್ಷಕರಿಗೆ ಗಣಿತ, ವಿಜ್ಞಾನ, ಪರಿಸರ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿಸಿದರೆ ಇಂಗ್ಲಿಷೂ ಬರುವುದಿಲ್ಲ, ವಿಷಯವೂ ಕೈತಪ್ಪುತ್ತದೆ. ಮಾಧ್ಯಮ ಯಾವುದೇ ಇರಲಿ, ಅದರ ಭಾರ ಹೊರುವುದು ಅದೇ ಶಿಕ್ಷಕರ ಇಂಗ್ಲಿಷ್.

ಮೂರನೆಯ ಆಕ್ಷೇಪ ಹೊಸ ಕಾಲದ್ದು: ಮೊಬೈಲ್, ಸ್ಮಾರ್ಟ್ ಕ್ಲಾಸ್, ಯೂಟ್ಯೂಬ್ ಇರುವಾಗ ಶಿಕ್ಷಕರ ಇಂಗ್ಲಿಷ್ ಚೆನ್ನಾಗಿರಬೇಕೆಂದೇನು? ಯಂತ್ರ ಒಳ್ಳೆಯ ಉಚ್ಚಾರ ಕೇಳಿಸಬಲ್ಲದು, ಅದನ್ನು ಬಳಸಿಕೊಳ್ಳಲೇಬೇಕು. ಆದರೆ ಇಳಕಲ್ಲಿನ ಹುಡುಗಿ ‘ಫೀವರ್ ಕಮ್’ ಎಂದಾಗ ಅವಳ ಮನಸ್ಸಿನ ಕನ್ನಡವನ್ನು ಕೇಳಿಸಿಕೊಂಡು, ಅವಳ ಮುಖ ನೋಡಿ, ನಗಿಸಿ ತಿದ್ದುವ ಕೆಲಸ ಇಡೀ ತರಗತಿಗೆ ಒಂದೇ ವಿಡಿಯೊ ಹಾಕಿದರೆ ಆಗುವುದಿಲ್ಲ. ಯಂತ್ರದ ನಿಜವಾದ ಉಪಯೋಗ ಶಿಕ್ಷಕರ ಸ್ವಂತ ಕಲಿಕೆಗೆ; ದಿನಕ್ಕೆ ಇಪ್ಪತ್ತು ನಿಮಿಷ ಇಂಗ್ಲಿಷ್ ಕೇಳುವ ಅವಕಾಶ ಪ್ರತಿಯೊಬ್ಬ ಶಿಕ್ಷಕರ ಜೇಬಿನಲ್ಲೂ ಈಗ ಇದೆ. ನಾಲ್ಕನೆಯದು ಕನ್ನಡದ ಕಾಳಜಿಯುಳ್ಳವರದು: ಶಿಕ್ಷಕರನ್ನು ಇಂಗ್ಲಿಷಿಗೆ ಹಚ್ಚಿದರೆ ಕನ್ನಡ ಶಾಲೆಗೇ ಪೆಟ್ಟಲ್ಲವೆ? ಅನುಭವ ಉಲ್ಟಾ ಹೇಳುತ್ತದೆ. ಪಾಲಕರು ಕನ್ನಡ ಶಾಲೆ ಬಿಡುತ್ತಿರುವುದು ಕನ್ನಡ ಬೇಡವೆಂದಲ್ಲ, ಅಲ್ಲಿ ಇಂಗ್ಲಿಷ್ ಸಿಗುವುದಿಲ್ಲವೆಂದು. ಕನ್ನಡದಲ್ಲಿ ವಿಷಯ ಕಲಿಸಿ, ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಶಾಲೆಯೇ ಕನ್ನಡ ಶಾಲೆಯನ್ನು ಉಳಿಸಬಲ್ಲದು.

ಮಾಡಬಹುದಾದದ್ದು

ಪರಿಹಾರಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಸಮೂಹ ಕೇಂದ್ರದ ಸಮಾಲೋಚನಾ ಸಭೆಯಲ್ಲಿ ಎರಡು ತಾಸು ಇಂಗ್ಲಿಷಿಗೆ ಮೀಸಲಾಗಲಿ. ಆ ಹೊತ್ತಿನಲ್ಲಿ ಸುತ್ತೋಲೆಗೆ ಪ್ರವೇಶ ಬೇಡ. ಶಿಕ್ಷಕರು ಒಂದು ಸಣ್ಣ ಕಥೆಯನ್ನೋ ಪತ್ರಿಕೆಯ ಲೇಖನವನ್ನೋ ಇಂಗ್ಲಿಷಿನಲ್ಲಿ ಓದಿ ಬರಲಿ, ಅದರ ಬಗ್ಗೆ ಇಂಗ್ಲಿಷಿನಲ್ಲೇ ಮಾತಾಡಲಿ, ತಪ್ಪಿದರೆ ನಗುವವರು ಇಲ್ಲದಿರಲಿ. ಮುಂದಿನ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆಂದು ಒಟ್ಟಿಗೆ ಕೂತು ಗುರುತು ಹಾಕಲಿ. ‘ಐತಿ’, ‘ಅದಾರ’, ‘ಬಂದಾವ’ಗಳಂಥ ಪಟ್ಟಿ ಬಾಗಲಕೋಟೆಯ ಶಿಕ್ಷಕರೇ ಸಿದ್ಧಪಡಿಸಿದರೆ ಅದನ್ನು ಅಚ್ಚುಹಾಕಿಸಿ ಎಲ್ಲ ಶಾಲೆಗೆ ಮುಟ್ಟಿಸುವ ಕೆಲಸ ಇಳಕಲ್ಲಿನ ಡಯಟ್‌ಗೆ ಭಾರವಲ್ಲ. ಆರರಿಂದ ಎಂಟನೇ ತರಗತಿಗೆ ಈಗ ಇಂಗ್ಲಿಷಿಗೆಂದೇ ಪದವೀಧರ ಶಿಕ್ಷಕರ ಹುದ್ದೆಗಳಿವೆ. ಅವರೂ ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರೂ ಹತ್ತಿರದ ಪ್ರಾಥಮಿಕ ಶಾಲೆಯವರ ಜೊತೆ ಕೂತರೆ ಹಳೆಯ ಎರಡು ಸಾಲಿಗಳ ನಡುವಿನ ಗೋಡೆಯೂ ಬೀಳುತ್ತದೆ. ಪಾಠದ ಸಾಮಗ್ರಿ ಮಕ್ಕಳ ಸುತ್ತಲೇ ಇದೆ. ಮಗ್ಗದ ಮನೆಯ ಮಗು ಬಾರ್ಡರ್, ಡಿಸೈನ್ ಎನ್ನುತ್ತದೆ. ಕ್ವಾರಿಯ ಮಗ್ಗುಲಿನ ಮಗು ಬ್ಲಾಕ್, ಕಟಿಂಗ್, ಪಾಲಿಶ್ ಎನ್ನುತ್ತದೆ. ಬಾದಾಮಿಯ ಮಗುವಿಗೆ ಗೈಡ್, ಟಿಕೆಟ್, ಟೂರಿಸ್ಟ್ ಗೊತ್ತು. ಈ ಪದಗಳಿಂದ ವಾಕ್ಯ ಕಟ್ಟಿಸುವ ಶಿಕ್ಷಕರಿಗೆ ಮಕ್ಕಳು ಖಾಲಿ ಕೈಯಲ್ಲಿ ಬಂದವರಾಗಿ ಕಾಣುವುದಿಲ್ಲ. ಪರೀಕ್ಷೆಯೂ ಒಂದಿಷ್ಟು ಬದಲಾಗಬೇಕು. ಓದದೇ ಇದ್ದ ಒಂದು ಪ್ಯಾರಾ ಓದಿ ತಿಳಿದುಕೊಳ್ಳುವುದಕ್ಕೆ, ಎರಡು ನಿಮಿಷ ಮಾತಾಡುವುದಕ್ಕೆ ಹೆಚ್ಚು ಅಂಕ ಸಿಕ್ಕರೆ ಪಾಸಿಂಗ್ ಪ್ಯಾಕೇಜಿನ ಹಿಡಿತ ತಾನಾಗಿ ಸಡಿಲುತ್ತದೆ.

ಪಾಲಕರಲ್ಲೂ ಒಂದು ವಿನಂತಿ. ಮುಂದಿನ ಸಲ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋದಾಗ ‘ನಮ್ಮ ಮಾಸ್ತರಿಗೆ ಇಂಗ್ಲಿಷ್ ಬರ್ತದೇನು?’ ಎಂದು ಕೇಳಿ ಸುಮ್ಮನಾಗಬೇಡಿ. ‘ನಮ್ಮ ಮಾಸ್ತರು, ಅಕ್ಕೋರು ಇಂಗ್ಲಿಷ್ ಕಲಿಯಾಕ ಈ ವರ್ಷ ಏನು ಏರ್ಪಾಡು ಮಾಡೀರಿ?’ ಎಂದು ಇಲಾಖೆಯನ್ನು ಕೇಳಿರಿ. ಮೊದಲ ಪ್ರಶ್ನೆಯಿಂದ ಒಬ್ಬ ಶಿಕ್ಷಕರು ತಲೆ ತಗ್ಗಿಸುತ್ತಾರೆ, ಅಷ್ಟೆ. ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಆ ಶಿಕ್ಷಕರ ಕೈಕೆಳಗೆ ಮುಂದಿನ ಇಪ್ಪತ್ತು ವರ್ಷ ಓದುವ ಮಕ್ಕಳೆಲ್ಲರಿಗೂ ಇಂಗ್ಲಿಷ್ ಸಿಗುತ್ತದೆ.